ಹಿಂದಿನ ಚಕ್ರದ ಪ್ಯಾಡು

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಶರತ್ಚಂದ್ರನಿಗೆ ಕಾರಿನ ಹುಚ್ಚು. ಆಗಾಗ ಕೊಯಮತ್ತೂರಿನ ಕಡೆಯ ರೇಸ್ ಟ್ರ್ಯಾಕಿಗೆ ತನ್ನ ಹಳೆಯ ಕಾರನ್ನೇ ಓಡಿಸಿಕೊಂಡು ಹೋಗಿ, ಬಹುಮಾನವೂ ಇಲ್ಲದ, ನೋಡುವವರೂ ಇಲ್ಲದ ಕಡೆ ದಿನವಿಡೀ ಸುತ್ತು ಹೊಡೆದು, ಟೈರು ಸವೆಸಿಕೊಂಡು ಖುಷಿಯಾಗಿ ಬರುತ್ತಿದ್ದ. ಬ್ರೇಕಿನ ವಿಷಯದಲ್ಲಂತೂ ಅವನು ಬಲು ಜಾಣ, ಹಾಗೆಂದು ಅವನೇ ನಂಬಿದ್ದ.

ಹಿಂದಿನ ಚಕ್ರಕ್ಕೆ ಎಂಥ ಬ್ರೇಕ್ ಪ್ಯಾಡು ಹಾಕಬೇಕೆಂದು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲಿ ಕಾರಿನ ಹಿಂಭಾಗ ಹಗುರಾಗುತ್ತದೆ. ಆಗ ಹಿಂದಿನ ಪ್ಯಾಡು ಬಿಗಿಯಾಗಿ ಕಚ್ಚಿದರೆ ಚಕ್ರ ನಿಂತುಹೋಗಿ ಕಾರು ಜಾರುತ್ತದೆ. ಊರಿನ ರಸ್ತೆಯಲ್ಲಿ ಅದು ಅಪಾಯ. ಟ್ರ್ಯಾಕಿನ ತಿರುವಿನಲ್ಲಿ ಶರತ್ಚಂದ್ರನಿಗೆ ಬೇಕಾಗಿದ್ದುದು ಅದೇ ಜಾರು, ಅದಕ್ಕೇ ಬಿಗಿಯಾದ್ದನ್ನು ಆರಿಸಿದ. ಮನೆಗೆ ಬಂದೊಡನೆ ಅದನ್ನು ಬಿಚ್ಚಿ ಮಾಮೂಲಿ ಪ್ಯಾಡು ಹಾಕುವುದು ಅವನೇ ಮಾಡಿಕೊಂಡ ಕಟ್ಟಳೆ. ಯಾಕೆಂದರೆ ಅದೇ ಕಾರಿನಲ್ಲಿ ಹೆಂಡತಿ ಶರ್ಮಿಳಾ ಪ್ರತಿ ಮಂಗಳವಾರ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ತವರಿಗೆ ಹೋಗುತ್ತಿದ್ದಳು.

ಆ ಸಲ ಭಾನುವಾರ ಬಂದವನು ದಣಿದು ಮಲಗಿದ. ಮರುದಿನ ಸೋಮವಾರ. ಅವರ ಮನೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ದಿನ. ಎತ್ತು ಹೋಗಿ ಎಷ್ಟೋ ಕಾಲವಾಗಿ ಕೊಟ್ಟಿಗೆಯಲ್ಲಿ ಕಾರು ನಿಂತಿದ್ದರೂ ತಾಯಿ ರುದ್ರಮ್ಮ ಆ ಪದ್ಧತಿ ಬಿಟ್ಟಿರಲಿಲ್ಲ. ಕಾರಿನ ಮೂತಿಗೆ ವಿಭೂತಿ ಬಳಿದು, "ಇವತ್ತು ಅದ್ರ ಮೈ ಮುಟ್ಬ್ಯಾಡ ಕಣ್ಲಾ" ಅನ್ನುತ್ತಿದ್ದರು. ಬೇರೆ ಸೋಮವಾರ ನಕ್ಕು ಸ್ಪ್ಯಾನರ್ ಹಿಡಿಯುತ್ತಿದ್ದ ಮಗನಿಗೆ ಅಂದು ಎಲ್ಲಿಲ್ಲದ ಭಕ್ತಿ ಬಂತು, ಪ್ಯಾಡು ಹಾಗೇ ಉಳಿಯಿತು. ಮಂಗಳವಾರ ಬೆಳಗ್ಗೆ ಕೊಬ್ಬರಿ ಹರಾಜಿಗೆ ಓಡಿದ. ಹೆಂಡತಿಗೆ ಒಂದು ಮಾತು ಹೇಳುವುದನ್ನೂ ಮರೆತ.

ಹಳೇಬೀಡು ಇನ್ನೇನು ಬಂತು ಅನ್ನುವಾಗ ತುಂತುರು ಮಳೆ, ಅಡ್ಡ ಬಂದ ಎಮ್ಮೆ. ಶರ್ಮಿಳಾ ಬ್ರೇಕ್ ಒತ್ತಿದಳು. ಕಾರು ಗಿರ್ರನೆ ತಿರುಗಿ ಚರಂಡಿಗೆ ಇಳಿಯಿತು. ಎಮ್ಮೆಗೆ ಏನೂ ಆಗಲಿಲ್ಲ, ಇವಳ ಬಲಗೈ ಮಣಿಕಟ್ಟು ಮುರಿಯಿತು.

"ಬ್ರೇಕ್ ಒತ್ತಾಕೂ ಬರ್ದೋಳಿಗೆ ಕಾರ್ ಯಾಕವ್ವಾ?" ಎಂದರು ರುದ್ರಮ್ಮ. ಶರ್ಮಿಳಾ ತಲೆ ತಗ್ಗಿಸಿದಳು. ಶರತ್ಚಂದ್ರ ರಿಪೇರಿಯ ನೆಪದಲ್ಲಿ ಆ ಪ್ಯಾಡುಗಳನ್ನು ಬಿಚ್ಚಿ, ಕೊಬ್ಬರಿ ಚೀಲದಲ್ಲಿ ಸುತ್ತಿ ಅಟ್ಟಕ್ಕೆ ಎಸೆದ. ಹೇಡಿ! ಅದು ಅವನಿಗೂ ಗೊತ್ತಿತ್ತು. ಹೆಂಡತಿ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವಾಗ, ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದ, ಕೊನೆಗೆ ತಾಯಿಗೆ, ಇನ್ನೊಂದಿಷ್ಟು ಸಾರು ಹಾಕು ಅನ್ನುತ್ತಿದ್ದ.

ಕೈ ವಾಸಿಯಾದ ಮೇಲೆ ಅವಳು ತವರಿಗೆ ಬಸ್ಸಿನಲ್ಲಿ ಹೋಗತೊಡಗಿದಳು. ಒಂದು ಸೋಮವಾರ ಕೊಟ್ಟಿಗೆಗೆ ಬಂದು ಕಾರಿನ ಕೀ ಅವನ ಕೈಗಿಟ್ಟಳು.

"ಇದನ್ನ ನೀವೇ ಇಟ್ಕಳ್ರೀ. ನನ್ ಕಾಲ್ನ ನಾನೇ ನಂಬಲ್ಲ ಈಗ."

ಅವನಿಗೆ ಇನ್ನು ತಡೆಯಲಾಗಲಿಲ್ಲ. ಅಟ್ಟದಿಂದ ಚೀಲ ಇಳಿಸಿ ಅವಳ ಮುಂದೆ ಬಿಚ್ಚಿದ.

"ನಿನ್ ತಪ್ಪಲ್ಲ ಕಣೇ. ಇವು ಟ್ರ್ಯಾಕಿನ ಪ್ಯಾಡು. ಅವತ್ತು ಬಿಚ್ಚದೆ ಹಂಗೇ ಬಿಟ್ಟಿದ್ದೆ. ಯಾರು ಒತ್ತಿದ್ರೂ ಜಾರ್ತಿತ್ತು."

ಅವಳು ಒಂದು ಪ್ಯಾಡನ್ನು ಎತ್ತಿ ತಿರುಗಿಸಿ ನೋಡಿ ಕೆಳಗಿಟ್ಟಳು. "ಅತ್ತೆಗೂ ಹೇಳಿ" ಎಂದಳು.

ವಿಭೂತಿ ತಟ್ಟೆ ಹಿಡಿದು ಬಂದ ತಾಯಿಗೆ ಹೇಳಿದ. ಹೇಳಿ ಸುಮ್ಮನಿರಬಾರದೇ? ಒಂದು ಬಾಲ ಸೇರಿಸಿದ: "ಹಿಂದಿನ ದಿನ ಸೋಮವಾರ ಆಗಿತ್ತಲ್ಲವ್ವ, ನೀನೇ ಮುಟ್ಬ್ಯಾಡ ಅಂದಿದ್ದೆ."

ರುದ್ರಮ್ಮ ತಟ್ಟೆ ಕೆಳಗಿಟ್ಟು ಅವನ ಕೈಯಿಂದ ಕೀ ಕಿತ್ತುಕೊಂಡರು.

"ಸೋಮವಾರ ಇರಾದು ಎತ್ತಿಗೆ ಕಣ್ಲಾ, ಸುಳ್ಳಿಗಲ್ಲ." ಸೊಸೆಯ ಕೈಗೆ ಕೀ ಕೊಟ್ಟರು. "ಅವತ್ತು ನಾ ಅಂದಿದ್ದು ತಪ್ಪಾಯ್ತು ಕಣವ್ವ. ಇವತ್ತೇ ತಗೊಂಡ್ ಹೋಗು."

ಶರ್ಮಿಳಾ ಕಾರಿನಲ್ಲಿ ಕೂತು ಬ್ರೇಕನ್ನು ನಿಧಾನವಾಗಿ ಒತ್ತಿ ನೋಡಿದಳು. ಶರತ್ಚಂದ್ರ ಪಕ್ಕದ ಬಾಗಿಲಿಗೆ ಕೈ ಹಾಕಿದ.

"ನೀವ್ ಬ್ಯಾಡ" ಎಂದಳು. "ನನ್ ಕಾಲ್ನ ನಂಬ್ತೀನಿ ಈಗ. ನಿಮ್ಮನ್ನ ನಂಬಲ್ಲ."

ಕಾರು ಗೇಟು ದಾಟಿ ಹೋಯಿತು. ಅವನು ಕೊಟ್ಟಿಗೆಯಲ್ಲಿ ಆ ಪ್ಯಾಡುಗಳ ಮುಂದೆ ನಿಂತೇ ಇದ್ದ.