ಬರೆದು ಕೆಮ್ಮಿದ ಕಾಕಾ

ಪರದೆಯ ಕೆಳಮೂಲೆಯಲ್ಲಿ ಎರಡು ಸಲ ಕೆಮ್ಮು ಬಂತು: "ಖೊಕ್ ಖೊಕ್." ಅಕ್ಷರದಲ್ಲಿ. ನಡುವೆ ಜಾಗ ಬಿಟ್ಟು, ಕೊನೆಗೆ ಪೂರ್ಣವಿರಾಮ ಹಾಕಿ.

ಕೆಮ್ಮಿದವರು ನನ್ನ ಕಾಕಾ, ಅಪ್ಪನ ತಮ್ಮ. ಗೋಡೆಯ ಆಚೆ, ಪಡಸಾಲೆಯ ಮಂಚದ ಮೇಲೆ, ಬಲಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. ಗಂಟಲು ಚೆನ್ನಾಗಿಯೇ ಇತ್ತು. ಮರುಕ್ಷಣ ಮೊಬೈಲಿನ ಇಸ್ಪೀಟ್ ಆಟದಲ್ಲಿ ಅವರ ಜೋಡಿಯಾಗಿದ್ದ ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಬದಾಮಿನ ಹತ್ತನ್ನು, ಅಂದರೆ ಹಾರ್ಟ್ ಹತ್ತನ್ನು, ಧೈರ್ಯವಾಗಿ ಎಸೆದರು. ಸರದಿ ಕಾಕಾನದಾದಾಗ ತುರುಪಿನ ಹುಕುಂ ಎಲೆ ಬಿತ್ತು, ಹತ್ತು ಅವರ ಪಾಲಾಯಿತು. ಮೆಂಡಿಕೋಟ್ ಆಟವೇ ಹಾಗೆ. ಎದುರುಬದುರು ಕೂತವರು ಜೋಡಿ, ನಾಲ್ಕು ಹತ್ತುಗಳಲ್ಲಿ ಹೆಚ್ಚು ಗೆದ್ದವರು ಗೆದ್ದಂತೆ.

ಮೊಬೈಲಿನ ಡೇಟಾ ಅಗ್ಗವಾದ ಹೊಸತು. ಕಾಕಾ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸದವರು. ಅಂಕಲಿ ರಸ್ತೆಯಲ್ಲಿ ಬೈಕು ಜಾರಿ ಕಾಲು ಮುರಿಯಿತು. ಮೊದಲ ವಾರ ಕಟ್ಟೆಯ ಗೆಳೆಯರು ಮನೆಗೇ ಬಂದು ಆಡಿದರು. ಆಮೇಲೆ ಕಬ್ಬಿನ ಹಂಗಾಮು ಶುರುವಾಯಿತು, ಯಾರಿಗೂ ಪುರುಸೊತ್ತಿಲ್ಲ. ಒಂದು ದಿನ ಕಾಕಾ ಹಾಸಿಗೆಯ ಮೇಲೆ ನಾಲ್ಕು ಪಾಲು ಎಲೆ ಹಂಚಿ, ನಾಲ್ವರ ಪರವಾಗಿಯೂ ತಾವೇ ಆಡುತ್ತ, ಮೂರನೆಯವನನ್ನು ಬೈಯುತ್ತಿದ್ದುದನ್ನು ಕಂಡೆ. ಆಗ ನಾನು ಬೆಳಗಾವಿಯಲ್ಲಿ ಎಂ.ಎ. ಮುಗಿಸಿ ಫಲಿತಾಂಶಕ್ಕೆ ಕಾಯುತ್ತ ಮನೆಯಲ್ಲಿದ್ದೆ. ಅಂದೇ ಮೊಬೈಲಿನ ಇಸ್ಪೀಟ್ ಆ್ಯಪಿನಲ್ಲಿ ನಾಲ್ವರು ಕೂತು ಆಡುವ ಒಂದು ಖಾಸಗಿ ಟೇಬಲ್ ತೆರೆದೆ.

ನನ್ನ ಹೆಸರು ಹಾಕಲಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳು ಇಸ್ಪೀಟ್ ಮುಟ್ಟುವುದಿಲ್ಲ. ನಾನು ಹಾಸ್ಟೆಲಿನಲ್ಲಿ ಅಗತ್ಯಕ್ಕಿಂತ ಚೆನ್ನಾಗಿಯೇ ಕಲಿತಿದ್ದೆ. ಕನ್ನಡಕದ ಚಿತ್ರ ಹಾಕಿ, ಹೆಸರಿನ ಜಾಗದಲ್ಲಿ 'ಟೇಬಲ್ ನಾಲ್ಕು' ಎಂದು ಬರೆದೆ. ವಿಷಯ ಗೊತ್ತಿದ್ದವಳು ನಿಪಾಣಿಯ ಗೆಳತಿ ಒಬ್ಬಳೇ. ನನ್ನ ಜೋಡಿಯಾಗಿ ಆಡುವವಳೂ ಅವಳೇ. ಬೆಳೆಗಾರರು ಅವಳ ಸಂಬಂಧಿಕರು. ಅವರ ಕಡೆಯಿಂದಲೇ ಕಾಕಾನಿಗೆ ಕರೆ ಹೋಗುವಂತೆ ಮಾಡಿದೆವು.

ಟೇಬಲ್ಲಿಗೆ ಮೂರು ನಿಯಮ ಬರೆದಿದ್ದೆ. ಬಂದಾಗ ನಮಸ್ಕಾರ, ಹೊರಡುವಾಗ ಹೇಳಿ ಹೊರಡುವುದು. ನೆಟ್‌ವರ್ಕ್ ಹೋದವರಿಗಾಗಿ ಎರಡು ನಿಮಿಷ ಕಾಯುವುದು. ಕೈಯಲ್ಲಿರುವ ಎಲೆಯ ಸುಳಿವನ್ನು ಯಾವ ರೀತಿಯಲ್ಲೂ ಕೊಡದಿರುವುದು. ಓದಿ ಕಾಕಾ ಬಹಳ ಮೆಚ್ಚಿದರು.

"ರಿಟೈರ್ ಆದ ಹೆಡ್ ಮಾಸ್ತರ ಇರಬೇಕು ನೋಡ. ಒಂದು ಒತ್ತಕ್ಷರ ತಪ್ಪಿಲ್ಲ. ಇಂಥಾ ಶಿಸ್ತು ಬೇಕು ಮಂದಿಗೆ."

ಮಂದಿಗೆ, ಅವರಿಗಲ್ಲ.

ಕೆಮ್ಮು ಕಂಡ ಕೂಡಲೇ ಗೆಳತಿ ಮರಾಠಿಯಲ್ಲಿ ಬರೆದಳು: "ಹೇ ಕಾಯ್? ಖೋಕಲಾ ಲಿಹೂನ್ ಯೇತೋ ಕಾ?" ಕೆಮ್ಮು ಬರಹದಲ್ಲಿ ಬರುತ್ತದೆಯೇ ಎಂದು. ನಾನು ಟೇಬಲ್ಲಿನ ಯಜಮಾನಿಕೆಯ ಗಾಂಭೀರ್ಯದಿಂದ, "ದಯವಿಟ್ಟು ಆಟ ಮುಗಿದ ಮೇಲೆ ಕೆಮ್ಮಿರಿ" ಎಂದು ಬರೆದೆ.

ಗೋಡೆಯಾಚೆಯಿಂದ ಕಾಕಾ ನನ್ನನ್ನು ಕರೆದರು. "ತಂಗಿ, ಇಲ್ಲಿ ಬಾ. ಮಾಸ್ತರಗ ಒಂದು ಉತ್ತರ ಬರದ ಕೊಡು. ನಿನ್ನ ಕನ್ನಡ ಚಲೋ ಐತಿ."

ಫೋನನ್ನು ದಿಂಬಿನ ಕೆಳಗಿಟ್ಟು ಹೋದೆ. "ಏನಂತ ಬರೀಲಿ ಕಾಕಾ?"

"ಕಟ್ಟಿ ಮ್ಯಾಲೆ ನಡಿಯೂದು ಇಲ್ಲಿ ಯಾಕ ನಡಿಯಂಗಿಲ್ಲ ಅಂತ ಕೇಳು. ಮರ್ಯಾದಿಲೆ ಕೇಳು ಮತ್ತ. ಮೂವತ್ತು ವರ್ಷ ಕೆಮ್ಮೇನಿ, ಒಬ್ಬರೂ ಒಂದ ಮಾತ ಅಂದಿಲ್ಲ."

ಅದು ನಿಜ. ನಮ್ಮೂರ ಕಟ್ಟೆಯ ಮೇಲೆ ಎಲ್ಲರೂ ಕೆಮ್ಮುತ್ತಾರೆ. ಟೋಪಿ ಸರಿಮಾಡಿಕೊಳ್ಳುತ್ತಾರೆ, ಕಿವಿ ಕೆರೆದುಕೊಳ್ಳುತ್ತಾರೆ. ಆಟ ಬಿರುಸಾದರೆ ದವಾಖಾನೆಯ ಬಾಗಿಲಲ್ಲಿ ನಿಂತಂತೆ ಕೇಳಿಸುತ್ತದೆ. ಅದಕ್ಕೆ ಯಾರೂ ಮೋಸ ಎನ್ನುವುದಿಲ್ಲ. ಜೋಡಿಯ ಕೆಮ್ಮು ತಿಳಿಯದವನನ್ನೇ ದಡ್ಡ ಎನ್ನುತ್ತಾರೆ.

ಕಾಕಾನ ವಾದವನ್ನು ನನ್ನಿಂದಾದಷ್ಟು ಚೆನ್ನಾಗಿ ಬರೆದುಕೊಟ್ಟೆ. ನಂತರ ಕೋಣೆಗೆ ಮರಳಿ ಅದನ್ನು ತಳ್ಳಿಹಾಕಿದೆ: "ಗಂಟಲಿಗೆ ನಿಜವಾಗಿಯೂ ಕೆಮ್ಮು ಬರಬಹುದು. ಬೆರಳಿಗೆ ಬರುವುದಿಲ್ಲ."

"ಬೆರಳಿಗೆ ಕೆಮ್ಮು ಬರಂಗಿಲ್ಲಂತ," ಎಂದು ಕಾಕಾ ತಮ್ಮ ಹೆಂಡತಿಗೆ, ನನ್ನ ಕಾಕುಗೆ, ಓದಿ ಹೇಳಿದರು. "ಶ್ಯಾಣ್ಯಾ ಅದಾನ ಮಾಸ್ತರ. ನಮ್ಮ ಹುಡುಗಿ ಬರದದ್ದು ಸಾಲಲಿಲ್ಲ."

ಮರುದಿನ ಕೆಮ್ಮು ಇರಲಿಲ್ಲ. ಆಟದ ನಡುವೆ ಒಂದು ಚಹಾ ಕಪ್ಪಿನ ಚಿತ್ರ ಬಂತು. ಅದರ ಹಿಂದೆಯೇ ಬೆಳೆಗಾರರ ಹತ್ತು ಬಂತು. ಎರಡನೇ ಕಪ್ಪಿಗೆ ಎರಡನೇ ಹತ್ತು. ನಾನು ಕಾಕಾನ ಹೆಸರಿನ ಮೇಲೆ ಬೆರಳಿಟ್ಟು, ಹೊರಗೆ ಕಳಿಸುವ ಗುಂಡಿ ಒತ್ತಿದೆ.

ಗೋಡೆಯಾಚೆ ಕಾಕಾ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟದ್ದು ಕೇಳಿಸಿತು.

ಎರಡು ದಿನ ಅವರು ಅದನ್ನು ಮುಟ್ಟಲಿಲ್ಲ. ಇಸ್ಪೀಟಿನ ಕಟ್ಟನ್ನೂ ಕೇಳಲಿಲ್ಲ. ಕೊಟ್ಟ ಚಹಾ ಆರಿ ಕೆನೆಗಟ್ಟಿತು. ಕಾಕು ಅಡುಗೆಮನೆಯಲ್ಲಿ ನನಗೆ ಹೇಳಿದರು: "ಕಾಲ ಮುರದಾಗ ಸುದ್ದಾ ಹಿಂಗ ಕುಂತಿರಲಿಲ್ಲ ಇವರು."

ಯಾರಿಗಾಗಿ ಟೇಬಲ್ ಹಾಕಿದ್ದೆನೋ ಅವರನ್ನೇ ಎಬ್ಬಿಸಿ ಕಳಿಸಿದ್ದೆ. ನಿಯಮ ಸರಿಯಾಗಿಯೇ ಇತ್ತು. ಸ್ವಂತ ಕಾಕಾ ಎಂದು ಸುಮ್ಮನೆ ಕರೆದರೆ ಗೆಳತಿಗೆ ಮುಖ ತೋರಿಸುವುದು ಹೇಗೆ? ಕರೆಯದಿದ್ದರೆ ಅವರು ಇನ್ನೂ ಒಂದು ತಿಂಗಳು ಗೋಡೆ ನೋಡಬೇಕು.

ಮೂರನೇ ಸಂಜೆ ಬೆಳೆಗಾರರು ಬರೆದರು: "ಮಾಸ್ತರ, ಕೆಮ್ಮಿದವ್ರು ಅವರ ಖರೆ. ಕೇಳಿ ಎಲಿ ಒಗದವ ನಾನು. ಹಾಕೂದಿದ್ರ ನನ್ನೂ ಹೊರಗ ಹಾಕ್ರಿ, ಇಲ್ಲಂದ್ರ ಅವರನ್ನೂ ಕರೀರಿ."

ಇಷ್ಟು ಓದಿದ ನನಗೆ ಅದು ಹೊಳೆದಿರಲಿಲ್ಲ. ನ್ಯಾಯ ತಪ್ಪಿದೆ ಎಂದು ಒಪ್ಪಿಕೊಂಡೆ. ಇಬ್ಬರೂ ನಿಯಮ ಪಾಲಿಸುವುದಾಗಿ ತಿಳಿಸಿದರೆ ನಾಳೆಯಿಂದ ಆಟ ಎಂದು ಇಬ್ಬರಿಗೂ ಬರೆದೆ.

ಕಿಟಕಿಯ ಕಟ್ಟೆಯ ಮೇಲೆ ಕಾಕಾನ ಫೋನ್ ಸದ್ದು ಮಾಡಿತು. "ತಂಗಿ," ಕಾಕಾ ಕರೆದರು. "ಬರಿ. ತಪ್ಪಾತ್ರಿ. ಇನ್ನ ಕೆಮ್ಮಂಗಿಲ್ಲ. ಚಾ ಸುದ್ದಾ ಕುಡಿಯಂಗಿಲ್ಲ, ಆಟದಾಗ."

ಬರೆದೆ. ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು: "ಒಂದು ಸೋಜಿಗ ನೋಡ. ನೀ ಒಳಗ ಚಾ ಕಾಸಾಕ ಹೋದಾಗೆಲ್ಲಾ ಮಾಸ್ತರನ ಎಲಿ ಬೀಳೂದು ತಡಾ ಆಗತೈತಿ."

ನಾನು ಪರದೆಯಿಂದ ಕಣ್ಣೆತ್ತಲಿಲ್ಲ. "ಅವರಿಗೂ ಚಾ ಬೇಕಾಗತೈತೇನೋ ಕಾಕಾ."

"ಹೂಂ. ವಯಸ್ಸಾದವರು ಪಾಪ."

ಮರುದಿನ ಬೆಳಿಗ್ಗೆ ಆಟಕ್ಕೆ ಅರ್ಧ ಗಂಟೆ ಮೊದಲೇ ಚಹಾ ಕಾಸಿ ಕಾಕಾನ ಮಂಚದ ಪಕ್ಕ ಇಟ್ಟೆ. ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಜೋಡಿಗಳನ್ನು ಬದಲಿಸಿದೆ. ಬೆಳೆಗಾರರನ್ನು ಗೆಳತಿಯ ಎದುರಿಗೆ ಹಾಕಿ, ಕಾಕಾನ ಎದುರಿಗೆ ಮಾಸ್ತರರನ್ನು ಕೂರಿಸಿ, ಟೇಬಲ್ ತೆರೆದೆ.