ಕರವಸ್ತ್ರ ಕಂಡ ಐರ್ಲೆಂಡ್

ಮೊದಲಿಗೇ ಕ್ಷಮೆ ಕೇಳಿಕೊಳ್ಳುತ್ತೇನೆ, ಓದುಗ ಮಿತ್ರರೆ. ನಮ್ಮ ವಂಶದಲ್ಲಿ ಪದವಿಯ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ ಮೊದಲಿಗ ನಾನು. ಅಂಥವನಿಗೆ ಪ್ರತಿಯೊಂದು ವಾಕ್ಯ ಬರೆದಾಗಲೂ ಯಾರೋ ಪರೀಕ್ಷಕರು ಹೆಗಲ ಮೇಲಿನಿಂದ ಬಗ್ಗಿ ನೋಡುತ್ತಿರುವಂತೆ ಭಾಸವಾಗುತ್ತದೆ. ಆದ್ದರಿಂದ ಇಲ್ಲಿ ಕ್ರಮ ತಪ್ಪಿದರೆ, ಊರುಗಳ ವರ್ಣನೆ ಸಾಲದೆ ಹೋದರೆ, ದಯವಿಟ್ಟು ಅಂಕ ಕಳೆಯದೆ ಮುಂದೆ ಓದಿ.

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ನಿಂಬೆಹಣ್ಣಿನ ಉಪ್ಪಿನಕಾಯಿಯ ಜಾಡಿಯೊಂದಿದೆ. ಅದರ ಬಾಯಿಗೆ ನೀಲಿ ಅಂಚಿನ ಬಿಳಿಯ ಕರವಸ್ತ್ರವೊಂದನ್ನು ಬಿಗಿದು ಕಟ್ಟಿದೆ. ಎಣ್ಣೆಯ ಕಲೆ, ಅರಿಶಿನದ ಕಲೆಗಳಿಂದ ಅದು ಈಗ ಭೂಪಟದಂತೆ ಕಾಣುತ್ತದೆಯಾದರೂ ಅದಕ್ಕೆ ದೊಡ್ಡದೊಂದು ಚರಿತ್ರೆಯಿದೆ: ಐರ್ಲೆಂಡನ್ನು ಅದು ನನಗಿಂತ ಹತ್ತಿರದಿಂದ ಕಂಡಿದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾವಾಗ ಡೆಟ್ರಾಯಿಟ್ ಬಳಿಯ ಸ್ಟರ್ಲಿಂಗ್ ಹೈಟ್ಸ್‌ನಲ್ಲಿದ್ದೆವು. ಮೋಟಾರು ಭಾಗಗಳ ಕಾರ್ಖಾನೆಯೊಂದರಲ್ಲಿ ನಾನು ಗೇರುಗಳ ನಕಾಶೆ ಬರೆಯುತ್ತಿದ್ದೆ. ಆಗಿನ ಕನ್ನಡ ಸಂಸಾರಗಳಿಗೆ ದೇಶ ನೋಡುವುದೆಂದರೆ ಸ್ಲೈಡು ತೆಗೆಯುವುದೆಂದೇ ಅರ್ಥ. ಊರಿಗೆ ಹೋಗುವ ವಿಮಾನದ ಟಿಕೆಟ್ಟಿನಲ್ಲಿ ನಡುವೆ ಒಂದು ಕಡೆ ಇಳಿಯಲು ಅವಕಾಶವಿರುತ್ತಿತ್ತು. ಹಾಗೆ ಇಳಿದು ತೆಗೆದ ಸ್ಲೈಡುಗಳನ್ನು ಹಿಂದಿರುಗಿದ ಮೇಲೆ ಯಾರದಾದರೂ ನೆಲಮಾಳಿಗೆಯಲ್ಲಿ, ಯಂತ್ರದ ಬೆಳಕು ಹಾಯಿಸಿ ಬಿಳಿಯ ಹೊದಿಕೆಯ ಮೇಲೆ, ಬಿಸಿಬೇಳೆಭಾತಿನ ನಂತರ ತೋರಿಸಬೇಕು. ಎಲ್ಲರೂ ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ಇಳಿದವರೇ ಆದ್ದರಿಂದ ಐಫೆಲ್ ಗೋಪುರವು ಸೀರೆಯ ಮೇಲೆ ಸ್ವೆಟರು ತೊಟ್ಟ ಮಹಿಳೆಯರಿಗಾಗಿಯೇ ಕಟ್ಟಿಸಿದ ಮಂಟಪವೆಂದು ನಮ್ಮ ಮಕ್ಕಳು ನಂಬಿದ್ದರು.

ನಾವು ಐರ್ಲೆಂಡಿನಲ್ಲಿ ಇಳಿಯಲು ಕಾರಣ ಪಕ್ಕದ ಮನೆಯ ಮೌರೀನ್. ಆಕೆಯ ಅಜ್ಜಿ ಕೋವ್ ಎಂಬ ಕಡಲತೀರದ ಊರಿನಿಂದ ಹಡಗು ಹತ್ತಿ ಬಂದವರಂತೆ. ಮೌರೀನ್ ಮಾತ್ರ ಐರ್ಲೆಂಡಿಗೆ ಕಾಲಿಟ್ಟವರಲ್ಲ. ಐರಿಶ್ ಆಗಲು ಅದರ ಅಗತ್ಯವೂ ಇಲ್ಲ; ಮಾರ್ಚಿನ ಐರಿಶ್ ಹಬ್ಬಕ್ಕೆ ಹಸಿರು ಅಂಗಿ ತೊಟ್ಟು, ಷಿಕಾಗೋದವರು ತಮ್ಮ ನದಿಗೇ ಹಸಿರು ಬಣ್ಣ ಕಲಸುವುದನ್ನು ನೋಡಿ ಬಂದರೆ ಸಾಕು. ಯುಗಾದಿಯ ದಿನ ರೇಷ್ಮೆ ಲಂಗ ತೊಟ್ಟು ಇಂಗ್ಲಿಷಿನಲ್ಲಿ ಜಗಳವಾಡುವ ನಮ್ಮ ಮಕ್ಕಳನ್ನು ನೆನೆದು ನಾನು ನಗುವುದನ್ನು ನಿಲ್ಲಿಸಿದೆ. ಆಕೆ ಕೊಟ್ಟ ಪಟ್ಟಿಯ ಕೊನೆಯಲ್ಲಿ ಎರಡು ಗೆರೆ ಎಳೆದ ಹೆಸರೊಂದಿತ್ತು: ಬ್ಲಾರ್ನಿ ಕೋಟೆ. ಅದರ ನೆತ್ತಿಯಲ್ಲಿರುವ ಕಲ್ಲಿಗೆ ಮುತ್ತಿಟ್ಟವರಿಗೆ ವಾಕ್ಚಾತುರ್ಯ ಒಲಿಯುತ್ತದೆಯೆಂಬ ನಂಬಿಕೆ.

ಈ ಕಲ್ಲಿನ ಅಗತ್ಯ ನನಗೆಷ್ಟಿತ್ತೆಂದು ಹೇಗೆ ಹೇಳಲಿ! ನನ್ನ ತಂದೆ ಮೈಸೂರಿನ ಕೋರ್ಟಿನಲ್ಲಿ ಜವಾನರಾಗಿದ್ದವರು. ಸಾಹೇಬರ ಎದುರು ಬಾಯಿ ತೆರೆಯಬಾರದೆಂಬುದು ಅವರು ನನಗೆ ಬಿಟ್ಟುಹೋದ ಏಕಮಾತ್ರ ಆಸ್ತಿ. ನಮ್ಮ ಕಾರ್ಖಾನೆಯಲ್ಲಿ ತಂಡದ ಮುಖ್ಯಸ್ಥನ ಹುದ್ದೆ ತೆರವಾಗಿತ್ತು. ಸೆಪ್ಟೆಂಬರಿನ ಸಭೆಯಲ್ಲಿ ಅಭ್ಯರ್ಥಿಗಳಿಬ್ಬರೂ ತಮ್ಮ ವಿನ್ಯಾಸವನ್ನು ನಿಂತು ವಿವರಿಸಬೇಕಿತ್ತು. ಅವರಲ್ಲಿ ನಾನೊಬ್ಬ. "ನಿನ್ನ ನಕಾಶೆಗಳು ಮಾತಾಡುತ್ತವೆ, ನೀನು ಮಾತಾಡುವುದಿಲ್ಲ" ಎಂದು ಮೇಲಧಿಕಾರಿ ಮೊದಲೇ ಹೇಳಿದ್ದರು. ಅದಕ್ಕೂ ನಾನು ಸುಮ್ಮನೆ ತಲೆಯಾಡಿಸಿ ಬಂದಿದ್ದೆ.

ಜುಲೈನಲ್ಲಿ ಹೋದೆವು. ಕೋವ್‌ನಲ್ಲಿ ಬಣ್ಣಬಣ್ಣದ ಮನೆಗಳು ಏರಿನಲ್ಲಿ ಒಂದರ ಹೆಗಲ ಮೇಲೊಂದು ಕೈಯಿಟ್ಟು ನಿಂತಿದ್ದವು. ಮೇಲೆ ದೊಡ್ಡ ಇಗರ್ಜಿ, ಕೆಳಗೆ ಬಂದರು. ಸಾವಿರಾರು ಜನ ಅತ್ತುಕೊಂಡು ಹಡಗು ಹತ್ತಿದ ಆ ಕಟ್ಟೆಯ ಮೇಲೆ ನಿಂತು ನಾನು ನನ್ನ ಹೆಂಡತಿ ಶಾರದೆಗೆ, "ಸ್ವಲ್ಪ ನಗು, ಬಿಸಿಲು ಹೋಗುತ್ತೆ" ಎಂದೆ. ಪ್ರವಾಸಿಗಳ ಧರ್ಮವೇ ಹಾಗೆ. ಸಮೀಪದ ನಗರವಾದ ಕಾರ್ಕ್‌ನಲ್ಲಿ ನಾಲ್ಕು ಮುಖದ ಗಡಿಯಾರಗೋಪುರವೊಂದಿದೆ. ನಾಲ್ಕು ಮುಖಗಳೂ ಒಂದೇ ಹೊತ್ತನ್ನು ತೋರಿಸುವುದು ಅಪರೂಪವಂತೆ. "ನಮ್ಮ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಈ ಗಡಿಯಾರಾನೇ ನೋಡ್ಕೊಂಡು ಬರ್ತಾರೆ ಅನ್ಸತ್ತೆ" ಎಂದಳು ಶಾರದೆ. ನಾನು ಅದನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ, ಗಡಿಯಾರದ ಎತ್ತರದೊಂದಿಗೆ.

ಬ್ಲಾರ್ನಿಯ ಕಲ್ಲು ಸುಲಭಕ್ಕೆ ಸಿಗುವಂಥದಲ್ಲ. ಕೋಟೆಯ ತುದಿಯಲ್ಲಿ ಅಂಗಾತ ಮಲಗಿ, ಕಬ್ಬಿಣದ ಕಂಬಿ ಹಿಡಿದು, ಗೋಡೆಯಾಚೆಯ ಸಂದಿನಲ್ಲಿ ತಲೆ ಕೆಳಗೆ ಬಿಟ್ಟು ಮುತ್ತಿಡಬೇಕು. ಬೀಳದಂತೆ ಸೊಂಟ ಹಿಡಿದುಕೊಳ್ಳಲು ಮುದುಕರೊಬ್ಬರು ಕುಳಿತಿದ್ದರು. ನನ್ನ ಮುಂದೆ ನಲವತ್ತು ಜನರ ಸಾಲು. ಒಬ್ಬೊಬ್ಬರೂ ತುಟಿ ಒರೆಸಿಕೊಂಡು ಏಳುವುದನ್ನು ನೋಡುತ್ತ ನಿಂತಿದ್ದೆ. ನನ್ನ ಸರದಿ ಬಂತು. ಮಲಗಿದೆ. ತಲೆಯನ್ನು ಹಿಂದಕ್ಕೆ ಚೆಲ್ಲಿದೆ.

ಓದುಗರೆ, ತಲೆಯನ್ನು ಹಿಂದಕ್ಕೆ ಚೆಲ್ಲುವುದನ್ನು ನನ್ನ ದೇಹ ಕಲಿತದ್ದು ಒಂದೇ ಕೆಲಸಕ್ಕೆ: ನೀರು ಕುಡಿಯಲು. ನಮ್ಮ ಮನೆಯಲ್ಲಿ ಲೋಟಕ್ಕೆ ತುಟಿ ತಾಗಿಸಿದವರಿಲ್ಲ. ಎತ್ತಿ ಹಿಡಿದು ಧಾರೆಯನ್ನು ನೇರವಾಗಿ ಗಂಟಲಿಗೆ ಇಳಿಸುವ ವಿದ್ಯೆಯನ್ನು ಅಮ್ಮ ಅಕ್ಷರಾಭ್ಯಾಸಕ್ಕೂ ಮೊದಲೇ ಕಲಿಸಿದ್ದರು. ಆ ಭಂಗಿಯೊಂದಿಗೇ ಅಮ್ಮನ ದನಿಯೂ ಬಂತು: "ಎಂಜಲು ಕಣೋ!" ಇಡೀ ಜಗತ್ತಿನ ಎಂಜಲು ನನ್ನ ಮೂಗಿನಿಂದ ಎರಡಂಗುಲ ದೂರದಲ್ಲಿ, ತೇವವಾಗಿ ಹೊಳೆಯುತ್ತಿತ್ತು. ಒಂದು ಕೈಯನ್ನು ಕಂಬಿಯಿಂದ ಬಿಡಿಸಿ, ಜೇಬಿನ ಕರವಸ್ತ್ರವನ್ನು ಕಲ್ಲಿನ ಮೇಲೆ ಹಿಡಿದು, ಅದಕ್ಕೆ ಮುತ್ತಿಟ್ಟೆ. ಮುದುಕರು ಗಾಬರಿಯಿಂದ ಏನೋ ಕೂಗಿದರು. ಕ್ಯಾಮರಾ ಕ್ಲಿಕ್ಕೆಂದಿತು.

"ಮನೇಲಿ ಎತ್ತಿ ಕುಡೀಬಹುದು, ಎತ್ತಿ ಮುತ್ತಿಡೋಕಾಗತ್ತಾ?" ಎಂದು ಗೊಣಗಿದ ಶಾರದೆ ಕ್ಯಾಮರಾವನ್ನು ನನ್ನ ಕೈಗಿತ್ತು, ಸೆರಗು ಸಿಕ್ಕಿಸಿ, ಮಲಗಿ, ಸದ್ದಾಗುವಂತೆ ಮುತ್ತಿಟ್ಟು ಎದ್ದಳು. ಅವಳ ಚಿತ್ರವಿಲ್ಲ, ಮೂವತ್ತಾರು ಚಿತ್ರಗಳ ಫಿಲಂ ಸುರುಳಿ ನನ್ನ ಮೇಲೆಯೇ ಮುಗಿದಿತ್ತು. "ಇದನ್ನ ಯಾರಿಗೂ ಹೇಳಬೇಡ" ಎಂದು ಬೇಡಿಕೊಂಡೆ. ಅವಳು ಹೇಳಲಿಲ್ಲ. ಹಿಂದಿರುಗಿದ ಮೇಲೆ ನಾನು ಮಾತ್ರ ಎಲ್ಲರಿಗೂ ಹೇಳಿದೆ: ಕಲ್ಲಿಗೆ ಮುತ್ತಿಟ್ಟು ಬಂದಿದ್ದೇನೆ!

ಸಭೆಗೆ ಎರಡು ದಿನ ಮೊದಲು, ಭಾನುವಾರ ಮಧ್ಯಾಹ್ನ, ಧಾರವಾಡದ ಪಾಟೀಲ ಡಾಕ್ಟರ ನೆಲಮಾಳಿಗೆಯಲ್ಲಿ ನಮ್ಮ ಸ್ಲೈಡುಗಳು. ಹನ್ನೊಂದು ಪುಟಗಳ ಭಾಷಣ ಬರೆದೊಯ್ದಿದ್ದೆ. ಮೂರನೆಯ ಪುಟದಲ್ಲಿ ಇನ್ನೂ ಐರ್ಲೆಂಡಿನ ವಾರ್ಷಿಕ ಮಳೆಯ ಬಗ್ಗೆಯೇ ಇದ್ದೆ. "ಇಸ್ ಇಟ್ ಓವರ್?" ಎಂದು ಮಗುವೊಂದು ಆಸೆಯಿಂದ ಕೇಳಿತು. ಆಗ ಆ ಸ್ಲೈಡು ಬಂತು.

ಸ್ಲೈಡುಗಳನ್ನು ಯಂತ್ರದಲ್ಲಿ ತಲೆಕೆಳಗಾಗಿ ಇಡಬೇಕು. ಎಲ್ಲವನ್ನೂ ಹಾಗೆಯೇ ಇಟ್ಟಿದ್ದೆ. ಇದರಲ್ಲಿ ಮಾತ್ರ ನಾನೇ ತಲೆಕೆಳಗಾಗಿದ್ದುದರಿಂದ, ಆಗಲೇ ತಿರುಗಿಸಿದ್ದೇನೆಂದು ಭಾವಿಸಿ ಹಾಗೇ ಬಿಟ್ಟಿದ್ದೆ; ಅಷ್ಟು ಪುಟ್ಟ ಚಿತ್ರದಲ್ಲಿ ಕರವಸ್ತ್ರ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಪರಿಣಾಮವಾಗಿ ಪರದೆಯ ಮೇಲೆ ಐರ್ಲೆಂಡ್ ತಲೆಕೆಳಗಾಗಿ, ನಾನೊಬ್ಬನೇ ನೆಟ್ಟಗೆ ಬಂದೆ: ಬಿಗಿದು ಮುಚ್ಚಿದ ಕಣ್ಣು, ಚಾಚಿದ ತುಟಿ, ನಡುವೆ ನೀಲಿ ಅಂಚಿನ ಕರವಸ್ತ್ರ.

"ಮುತ್ತ ಕೊಟ್ಟದ್ದು ಕಲ್ಲಿಗೋ, ಕರ್ಚೀಪಿಗೋ ರೀ?" ಎಂದರು ಪಾಟೀಲರು.

ನೆಲಮಾಳಿಗೆ ಕುಲುಕಿತು. ನಾನು ಹನ್ನೊಂದು ಪುಟಗಳಲ್ಲಿ ಉತ್ತರ ಹುಡುಕಿದೆ, ಇರಲಿಲ್ಲ. "ಕರ್ಚೀಪಿಗೇ ಡಾಕ್ಟರೇ, ಸುಳ್ಳು ಹೇಳಿದ್ದೆ" ಎಂದೆ. ಕಾಗದ ಕೆಳಗಿಟ್ಟೆ. ಅಮ್ಮನ ಲೋಟ, ಅಪ್ಪನ ಸಾಹೇಬರು, ನಲವತ್ತು ಜನರ ಒದ್ದೆ ತುಟಿಗಳು, ಸೊಂಟ ಹಿಡಿದವರ ಕೂಗು, ಎಲ್ಲವನ್ನೂ ಹೇಳಿದೆ. ಮಳೆಯ ಲೆಕ್ಕಕ್ಕೆ ತೂಕಡಿಸಿದವರು ನನ್ನ ಎಂಜಲಿನ ಭಯಕ್ಕೆ ಕಣ್ಣೊರೆಸಿಕೊಂಡು ನಕ್ಕರು.

"ಎಷ್ಟ್ ಛಂದ ಮಾತಾಡ್ತೀರಲ್ರೀ! ಇಷ್ಟ್ ದಿನ ಬಾಯಾಗ ಏನ್ ಇಟ್ಕೊಂಡಿದ್ರಿ?" ಎಂದರು ಪಾಟೀಲರು.

"ಅದೇ ಕರ್ಚೀಪು" ಎಂದಳು ಶಾರದೆ. "ಕಲ್ಲಿಗೆ ಮುತ್ತಿಟ್ಟಿದ್ದು ನಾನು. ಚಿತ್ರ ಇಲ್ಲ, ನಂಬೋದಾದ್ರೆ ನಂಬಿ."

ಯಾರೂ ಅನುಮಾನಿಸಲಿಲ್ಲ.

ಆಮೇಲೆ ನಮ್ಮ ಸಂಸಾರದಲ್ಲಿ ಬದಲಾದದ್ದನ್ನು ನೇರವಾಗಿ ಹೇಳಿಬಿಡುತ್ತೇನೆ. ಮಂಗಳವಾರದ ಸಭೆಯಲ್ಲಿ ಕಾಗದವಿಲ್ಲದೆ ಮಾತನಾಡಿದೆ, ಎರಡು ಸಲ ತಡವರಿಸಿದೆ. ಹುದ್ದೆ ಇನ್ನೊಬ್ಬನಿಗೆ ಹೋಯಿತು. "ಯಾಕೆ?" ಎಂದು ಈ ಸಲ ಮೇಲಧಿಕಾರಿಯನ್ನು ಕೇಳಿಯೇ ಬಂದೆ. ಮುಂದಿನ ಬೇಸಿಗೆಯೊಳಗೆ ಷಿಕಾಗೋ ಕಡೆಯ ಕಂಪನಿಯೊಂದರ ಸಂದರ್ಶನದಲ್ಲಿ ಮುಕ್ಕಾಲು ಗಂಟೆ ಮಾತನಾಡಿ ಕೆಲಸ ಪಡೆದೆ. ನಾವು ವೆಸ್ಟ್‌ಮಂಟ್‌ಗೆ ಬಂದೆವು. ಶಾರದೆ ಡ್ರೈವ್ ಮಾಡುವುದನ್ನು ಕಲಿತು ಗ್ರಂಥಾಲಯದಲ್ಲಿ ಮಕ್ಕಳಿಗೆ ಕಥೆ ಹೇಳುವ ಕೆಲಸಕ್ಕೆ ಸೇರಿದಳು. ನೀರನ್ನು ನಾನು ಈಗಲೂ ಎತ್ತಿಯೇ ಕುಡಿಯುತ್ತೇನೆ. ಕರವಸ್ತ್ರವನ್ನು ಶಾರದೆ ನನ್ನ ಜೇಬಿನಿಂದ ತೆಗೆದು ಉಪ್ಪಿನಕಾಯಿಯ ಜಾಡಿಗೆ ಕಟ್ಟಿದ್ದಾಳೆ; ನಮ್ಮ ಮನೆಯಲ್ಲಿ ಈಗ ಬಾಯಿ ಕಟ್ಟಿರುವುದು ಅದೊಂದಕ್ಕೆ ಮಾತ್ರ.