ತಿರುಗಾಡಲಿಕ್ಕೊಂದು ಕುರಿ

ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ಕಟ್ಟಿರುವ ಹಗ್ಗ ಮಳೆಗೆ ನೆನೆದರೆ ಇಂದಿಗೂ ಕುರಿವಾಸನೆ ಬರುತ್ತದೆ. ಬೀದರಿನ ಮೂರನೇ ಮಹಡಿಗೆ ಕುರಿ ಎಲ್ಲಿಂದ ಬಂತು ಎನ್ನುತ್ತೀರಾ? ಹೇಳುತ್ತೇನೆ, ಕೂತುಕೊಳ್ಳಿ.

ಲಾಕ್‌ಡೌನಿನಲ್ಲಿ ಹಾಸ್ಟೆಲ್ ಮುಚ್ಚಿದಾಗ ನಾನು ಸಂತಪುರದ ಮನೆಗೆ ಬಂದು ಬಿದ್ದೆ. ಬಿದ್ದೆ ಎನ್ನುವುದೇ ಸರಿ, ಹಾಸಿಗೆಯಿಂದ ಏಳಲಿಲ್ಲ. ನಿದ್ದೆಯಿಲ್ಲ, ರೊಟ್ಟಿ ಗಂಟಲಲ್ಲಿ ಇಳಿಯದು, ಕಾರಣವಿಲ್ಲದೆ ಅಳು. ಅವ್ವ ದೃಷ್ಟಿ ತೆಗೆದಳು. ಅಪ್ಪ ಕಷಾಯ ಕುಡಿಸಿದ. ಭಾಲ್ಕಿಯ ಸೋದರಮಾವ ಫೋನಿನಲ್ಲೇ ರೋಗ ಪತ್ತೆ ಮಾಡಿ, "ಮೊದಲ ಆ ಫೋನ್ ಕಸ್ಕೊರಿ" ಎಂದ. ಕಾಲೇಜಿನವರು ಯುವಜನರ ಮನೋಸ್ವಾಸ್ಥ್ಯದ ಬಗ್ಗೆ ಆನ್‌ಲೈನ್ ಉಪನ್ಯಾಸ ಇಟ್ಟರು, ಹಾಜರಿ ಕಡ್ಡಾಯ. ಅಂಕ ಹೋದೀತೆಂಬ ಭಯದಲ್ಲಿ ನಾವೆಲ್ಲ ನೆಮ್ಮದಿಯ ಮಹತ್ವ ಕೇಳಿದೆವು. ದಿನಾ ಒಂದಿಷ್ಟು ನಡೆಯಿರಿ ಎಂದರು.

ಕೆಲಸವಿಲ್ಲದೆ ನಡೆಯುವ ಹುಡುಗಿಯನ್ನು ನಮ್ಮೂರಲ್ಲಿ ನೋಡಿದ್ದೀರಾ? ಓಣಿ ದಾಟುವುದರೊಳಗೆ ಪ್ರತಿ ಕಟ್ಟೆಯಿಂದಲೂ "ಎಲ್ಲಿ ಹೊಂಟಿ?" ಬಂತು. "ಎಲ್ಲಿಗೂ ಇಲ್ರಿ, ಸುಮ್ಮ" ಎಂದೆ. ನಾನು ಮನೆ ಮುಟ್ಟುವ ಮೊದಲೇ ನನ್ನ ಪ್ರೇಮದ ಸುದ್ದಿ ಮುಟ್ಟಿತ್ತು. ಹುಡುಗ ಪಕ್ಕದೂರು ಎಕಂಬಾದವನಂತೆ. ನನಗೂ ಆಗಲೇ ಗೊತ್ತಾದದ್ದು.

ಮಾನ ಉಳಿಸಿಕೊಳ್ಳಲು ಅವ್ವ ಒಂದು ಕುರಿ ಬಿಚ್ಚಿ ಹಗ್ಗ ನನ್ನ ಕೈಗಿಟ್ಟಳು. "ಇದನ್ನ ಹಿಡ್ಕೊಂಡ್ ಎಲ್ಲಿ ಬೇಕಲ್ಲಿ ಹೋಗು. ಯಾರೂ ಕೇಳಲ್ಲ."

ಕೇಳಲಿಲ್ಲ ನೋಡಿ. ನಾಕಾಬಂದಿಯ ಪೊಲೀಸರೂ ಕುರಿಗೆ ದಾರಿ ಬಿಟ್ಟರು. ಮೊದಲ ದಿನ ಹೊಲದ ಬದುವಿನಲ್ಲಿ ಕೂತು ಮನಸಾರೆ ಅತ್ತೆ. ಕುರಿ ಒಂದೂ ಸಲಹೆ ಕೊಡದೆ ಮೇಯುತ್ತಿತ್ತು. ಮನೆಗೆ ಬಂದು ಎರಡು ರೊಟ್ಟಿ ತಿಂದೆ. ಮರುದಿನ ಎದುರುಮನೆಯ ಪಾರ್ವತಿ ಬಂದಳು. "ಕುರಿ ನನಗೂ ಕೊಡಕ್ಕ, ಮನ್ಯಾಗ ಉಸಿರು ಕಟ್ಟ್ಯಾದ." ಆಮೇಲೆ ಓಣಿಯ ಹುಡುಗಿಯರಿಗೆಲ್ಲ ಪಾಳಿ. ನಾವು ಚೇತರಿಸಿಕೊಂಡೆವು; ಕುರಿ ನಡೆದು ನಡೆದು ಸೊರಗಿತು. ಅಪ್ಪ ಅದಕ್ಕೂ ಕಷಾಯ ಕುಡಿಸಿದ. ಕಾಲೇಜು ತೆರೆದಾಗ ಕುರಿಯನ್ನು ಊರಲ್ಲೇ ಬಿಟ್ಟು ಹಗ್ಗವನ್ನು ಜೊತೆಗೆ ತಂದೆ.

ಈಗ ನಮ್ಮ ಪಕ್ಕದ ಮನೆಯ ಹುಡುಗಿ ಸುಮಾರು ದಿನಗಳಿಂದ ಬಾಗಿಲು ಹಾಕಿಕೊಂಡಿದ್ದಾಳೆ. ಕೇಳಿದರೆ, "ಓದ್ತಾಳ್ರಿ" ಎನ್ನುತ್ತಾರೆ ತಾಯಿ. ಗೋಡೆಯಾಚೆಯ ಅಳು ನನಗೆ ಕೇಳಿಸುತ್ತದೆ. ಇವತ್ತು ಹಗ್ಗದ ವಾಸನೆ ಮೂಗಿಗೆ ಬಡಿದದ್ದೇ ಹೋಗಿ ಅವರ ಕರೆಗಂಟೆ ಒತ್ತಿದೆ. ಒಳ್ಳೊಳ್ಳೆ ಸಲಹೆಗಳು ನಾಲಿಗೆ ತುದಿಗೆ ಬಂದಿದ್ದವು, ನುಂಗಿಕೊಂಡೆ.

"ಸಂತಿಗಿ ಹೊಂಟೀನ್ರಿ. ಚೀಲ ಹಿಡಿಲಾಕ ನಿಮ್ಮ ಮಗಳನ್ನ ಕಳಸ್ರಿ."

ಮೆಟ್ಟಿಲಿಳಿಯುತ್ತ ಹುಡುಗಿ ಮೆಲ್ಲಗೆ, "ಸಂತಿ ಇವತ್ತಿಲ್ಲಲ್ಲಕ್ಕ" ಎಂದಳು.

"ಗೊತ್ತದ. ನಡಿ."

ಇವತ್ತಿನ ಕುರಿ ನಾನೇ. ದಾರಿಯಲ್ಲಿ ಅವಳಿಗೆ ಅಳು ಬಂದರೆ, ಏನೂ ಹೇಳದೆ ಪಕ್ಕದಲ್ಲಿ ನಿಂತು ಭಜಿ ತಿನ್ನುತ್ತಿರುತ್ತೇನೆ.